ಕೋಣನ ತಲೆ, ಮನುಷ್ಯನ ಮೈ: ಫಾರ್ವರ್ಡ್‌ನಲ್ಲಿ ಬರುವ ಆ ‘ವಿಚಿತ್ರ ಜೀವಿ’ ತಯಾರಾಗುವುದು ಹೇಗೆ?

‘ಕಾಡಿನಲ್ಲಿ ಸಿಕ್ಕಿತು ಅರ್ಧ ಮನುಷ್ಯ, ಅರ್ಧ ಪ್ರಾಣಿ! ವಿಜ್ಞಾನಿಗಳೇ ದಂಗು! ಕೂಡಲೇ ಹತ್ತು ಜನರಿಗೆ ಕಳಿಸಿ!’ ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಜೊತೆಗೊಂದು ಫೋಟೋ. ಚರ್ಮದ ಮೇಲೆ ಸುಕ್ಕು, ಕಣ್ಣಲ್ಲಿ ಹೊಳಪು, ಮೈಮೇಲೆ ಕೂದಲು, ಕೈಯಲ್ಲಿ ಬೆರಳು. ನೋಡಿದವರಿಗೆ ‘ಇದು ಹೇಗೆ ಸುಳ್ಳಾಗುತ್ತದೆ?’ ಎನ್ನಿಸುತ್ತದೆ.

ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಅರ್ಧ ಮನುಷ್ಯ, ಅರ್ಧ ಪ್ರಾಣಿ ಎಂಬ ಜೀವಿ ಎಲ್ಲೂ ಹುಟ್ಟಿಲ್ಲ. ಇಂಥ ಫೋಟೋದಲ್ಲಿರುವುದು ಯಾರೋ ಕುಳಿತು ಮಾಡಿದ ಶಿಲ್ಪ, ಸಿನಿಮಾದ ಬೊಂಬೆ, ಅಂಗಡಿಯಲ್ಲಿ ಮಾರುವ ಆಕ್ಷನ್ ಫಿಗರ್, ಇತ್ತೀಚೆಗಾದರೆ ಎಐ ಬರೆದ ಚಿತ್ರ. ಆದರೆ ಇಷ್ಟು ಹೇಳಿ ಮುಗಿಸಿದರೆ ನಿಮ್ಮ ಮಾವ ನಂಬುವುದಿಲ್ಲ, ‘ಇಷ್ಟು ಚೆನ್ನಾಗಿ ಯಾರು ಮಾಡುತ್ತಾರೆ?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಗಾಗಿ ಈ ಸಲ ನಾವು ಹೇಗೆ ಮಾಡುತ್ತಾರೆ ಎಂಬುದನ್ನೇ ವಿವರವಾಗಿ ನೋಡೋಣ. ಒಬ್ಬ ಕೋಣ-ತಲೆಯ ಯೋಧನ ಗೊಂಬೆಯನ್ನು ಕಾಗದದಿಂದ ಅಂಗಡಿಯವರೆಗೆ ತಂದರೆ, ಮುಂದೆ ಬರುವ ಫಾರ್ವರ್ಡ್‌ನಲ್ಲಿ ಏನನ್ನು ಹುಡುಕಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ನಿಜವಾಗಿ ಇಂಥದ್ದು ಹುಟ್ಟಲು ಸಾಧ್ಯವೇ ಇಲ್ಲವೇ?

ಹೇಸರಗತ್ತೆ ಇದೆಯಲ್ಲ, ಎಂದು ಕೆಲವರು ವಾದಿಸುತ್ತಾರೆ. ಇದೆ. ಕುದುರೆಗೆ 64 ಕ್ರೋಮೋಸೋಮು, ಕತ್ತೆಗೆ 62, ಇವೆರಡಕ್ಕೆ ಹುಟ್ಟಿದ ಹೇಸರಗತ್ತೆಗೆ 63. ಸಿಂಹಕ್ಕೂ ಹುಲಿಗೂ 38 ಇರುವುದರಿಂದ ಮೃಗಾಲಯಗಳಲ್ಲಿ ‘ಲೈಗರ್’ ಹುಟ್ಟಿದ್ದೂ ನಿಜ. ಆದರೆ ಇವೆಲ್ಲ ದಾಯಾದಿಗಳ ನಡುವಿನ ಸಂಬಂಧ. ಕುದುರೆ ಮತ್ತು ಕತ್ತೆಯ ವಂಶ ಬೇರೆಯಾಗಿ ಸುಮಾರು 40 ಲಕ್ಷ ವರ್ಷವಾಗಿದೆ ಅಷ್ಟೇ. ಮನುಷ್ಯನ ಮತ್ತು ಎಮ್ಮೆಯ ಪೂರ್ವಜರು ಬೇರೆಬೇರೆ ದಾರಿ ಹಿಡಿದು 8 ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಅಷ್ಟು ದೂರ ಹೋದ ಮೇಲೆ ಅಂಡ ಮತ್ತು ವೀರ್ಯಾಣು ಒಂದನ್ನೊಂದು ಗುರುತೇ ಹಿಡಿಯುವುದಿಲ್ಲ.

ಪ್ರಯೋಗಾಲಯದ ಸುದ್ದಿಯೊಂದು ಆಗಾಗ ಇದರ ಜೊತೆ ತಳುಕು ಹಾಕಿಕೊಂಡು ಬರುತ್ತದೆ. 2017ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು ಹಂದಿಯ ಭ್ರೂಣಕ್ಕೆ ಮನುಷ್ಯನ ಕೋಶಗಳನ್ನು ಸೇರಿಸಿದ್ದರು. 2021ರಲ್ಲಿ ಕೋತಿಯ ಭ್ರೂಣಕ್ಕೂ ಸೇರಿಸಲಾಯಿತು. ಮೊದಲನೆಯದನ್ನು ಮೂರು-ನಾಲ್ಕು ವಾರಕ್ಕೆ ನಿಲ್ಲಿಸಿದರು. ಎರಡನೆಯದು ಗಾಜಿನ ತಟ್ಟೆಯಲ್ಲಿ ಸುಮಾರು 20 ದಿನವಷ್ಟೇ ಬದುಕಿತು. ಹಂದಿಯ ಭ್ರೂಣಗಳಲ್ಲಿ ಉಳಿದ ಮನುಷ್ಯನ ಕೋಶಗಳು ಬೆರಳೆಣಿಕೆ ಎನ್ನುವಷ್ಟು ಕಡಿಮೆ. ಉದ್ದೇಶ ಮುಂದೊಂದು ದಿನ ಕಸಿಗೆ ಬೇಕಾದ ಅಂಗ ಬೆಳೆಸುವುದು. ಬಾಲವಿರುವ ಯೋಧನನ್ನು ಯಾರೂ ಬೆಳೆಸುತ್ತಿಲ್ಲ.

ಮೊದಲ ಗೊಂಬೆಗೆ 40,000 ವರ್ಷ

ಪ್ರಾಣಿಯ ತಲೆಯನ್ನು ಮನುಷ್ಯನ ಮೈಮೇಲೆ ಇಡುವ ಆಸೆ ಹೊಸದಲ್ಲ. ಜರ್ಮನಿಯ ಹೋಲೆನ್‌ಸ್ಟೈನ್-ಸ್ಟಾಡೆಲ್ ಎಂಬ ಗುಹೆಯಲ್ಲಿ 1939ರ ಆಗಸ್ಟ್‌ನಲ್ಲಿ, ಎರಡನೇ ಮಹಾಯುದ್ಧ ಶುರುವಾಗಲು ಕೆಲವೇ ದಿನಗಳಿರುವಾಗ, ದಂತದ ಚೂರುಗಳ ರಾಶಿ ಸಿಕ್ಕಿತು. ಯುದ್ಧದ ಗಡಿಬಿಡಿಯಲ್ಲಿ ಅದು ಪೆಟ್ಟಿಗೆ ಸೇರಿ ಮೂವತ್ತು ವರ್ಷ ಹಾಗೇ ಉಳಿಯಿತು. 1969ರಲ್ಲಿ ಚೂರುಗಳನ್ನು ಜೋಡಿಸಿದಾಗ ಎದ್ದು ನಿಂತದ್ದು ಸಿಂಹದ ತಲೆ, ಮನುಷ್ಯನ ನಿಲುವು ಇರುವ ಮೂರ್ತಿ. ವಯಸ್ಸು ಸುಮಾರು 40,000 ವರ್ಷ. ಎತ್ತರ 31 ಸೆಂಟಿಮೀಟರ್. ಈಗ ಅದು ಉಲ್ಮ್ ನಗರದ ಮ್ಯೂಸಿಯಮ್ಮಿನಲ್ಲಿದೆ.

ಇನ್ನೊಂದು ಅಳತೆ ಕೇಳಿ. ಅಮೆರಿಕದ ಹಾಸ್ಬ್ರೋ ಕಂಪನಿ 1964ರಲ್ಲಿ ‘ಜಿ.ಐ. ಜೋ’ ಎಂಬ ಸೈನಿಕನ ಗೊಂಬೆ ತಂದಿತು. ಗಂಡುಮಕ್ಕಳು ಗೊಂಬೆ ಎಂದರೆ ಕೊಳ್ಳುವುದಿಲ್ಲ ಎಂಬ ಭಯಕ್ಕೆ ‘ಆಕ್ಷನ್ ಫಿಗರ್’ ಎಂಬ ಹೊಸ ಹೆಸರು ಹುಟ್ಟಿದ್ದೇ ಆಗ. ಅದರ ಎತ್ತರ 12 ಇಂಚು, ಅಂದರೆ ಸುಮಾರು 30 ಸೆಂಟಿಮೀಟರ್. ಕಾಕತಾಳೀಯವೇ ಇರಬಹುದು, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ತಿರುಗಿಸಿ ನೋಡಲು ಅದೊಂದು ಒಳ್ಳೆಯ ಅಳತೆ ಎಂಬುದಂತೂ ಹೌದು.

ಆ ಸಿಂಹಮಾನವನ ಕೈಗಳು ಮೈಗೆ ಅಂಟಿಕೊಂಡಿವೆ. ಯಾಕೆಂದರೆ ಅದನ್ನು ಕೆತ್ತಿದ್ದು ಮ್ಯಾಮತ್ ಆನೆಯ ದಂತದಲ್ಲಿ. ದಂತದ ದಪ್ಪ ಎಷ್ಟೋ ಮೂರ್ತಿಯ ಅಗಲವೂ ಅಷ್ಟೇ, ಕೈ ಚಾಚಲು ಜಾಗವಿಲ್ಲ. ಕಾಲುಗಳ ನಡುವಿನ ಸಂದು ದಂತದ ಬುಡದಲ್ಲಿ ಮೊದಲೇ ಇದ್ದ ಟೊಳ್ಳನ್ನು ಬಳಸಿಕೊಂಡದ್ದು. ಈಚೆಗೆ ಚಕಮಕಿ ಕಲ್ಲಿನ ಉಪಕರಣಗಳಿಂದಲೇ ಅದರ ಪ್ರತಿಯನ್ನು ಕೆತ್ತಿ ನೋಡಿದಾಗ 350 ಗಂಟೆಗೂ ಹೆಚ್ಚು ಹಿಡಿಯಿತು. ನಾವು ಇದನ್ನು ಇಲ್ಲಿ ಎಳೆದು ತಂದದ್ದಕ್ಕೆ ಕಾರಣವಿದೆ. ಕಲ್ಪನೆ ಎಷ್ಟೇ ದೊಡ್ಡದಿರಲಿ, ಗೊಂಬೆಯ ಆಕಾರ ಕಡೆಗೆ ನಿರ್ಧಾರವಾಗುವುದು ಅದನ್ನು ಮಾಡುವ ವಸ್ತುವಿನಿಂದ. ದಂತಕ್ಕೆ ನಿಜವಾದದ್ದು ಪ್ಲಾಸ್ಟಿಕ್‌ಗೂ ನಿಜ.

ತಲೆ ಎಲ್ಲಿ ಮುಗಿಯಬೇಕು, ಮೈ ಎಲ್ಲಿ ಶುರುವಾಗಬೇಕು?

ಈಗ ನಮ್ಮ ಕೋಣ-ತಲೆಯ ಯೋಧನಿಗೆ ಬರೋಣ. ಎತ್ತರ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ.

ವಿನ್ಯಾಸಕಾರರು ಮೊದಲು ಬರೆಯುವುದು ಬರೀ ನೆರಳು. ಕಣ್ಣು, ಮೂಗು, ರಕ್ಷಾಕವಚ ಯಾವುದೂ ಇಲ್ಲದ ಕಪ್ಪು ಆಕೃತಿ. ಅಂಗಡಿಯ ಮೂಲೆಯಿಂದ ನೋಡಿದ ಮಗುವಿಗೆ ಇದು ಕೋಣ, ಇವನು ಜಗಳಕ್ಕೆ ನಿಂತಿದ್ದಾನೆ ಎಂಬ ಎರಡು ಸಂಗತಿ ಆ ನೆರಳಿನಲ್ಲೇ ತಿಳಿಯಬೇಕು. ಅದಕ್ಕೇ ಕೊಂಬು ದೊಡ್ಡದು, ಭುಜ ಅಗಲ, ಸೊಂಟ ಸಣ್ಣದು.

ಆಮೇಲೆ ಶುರುವಾಗುತ್ತದೆ ಅಸಲಿ ತಲೆನೋವು. ಮನುಷ್ಯನ ಮೈ, ಅದರ ಮೇಲೆ ಕೋಣನ ತಲೆ ಇಟ್ಟರಾಯಿತು ಎಂದು ಅಂದುಕೊಳ್ಳುತ್ತೇವೆ. ಇಟ್ಟು ನೋಡಿದರೆ ಕೋಣ ಆಕಾಶ ನೋಡುತ್ತಿರುತ್ತದೆ! ಬೇಕಿದ್ದರೆ ನೀವೇ ಒಮ್ಮೆ ನೆಲದ ಮೇಲೆ ಅಂಬೆಗಾಲಿಟ್ಟು ಮುಂದೆ ನೋಡಲು ಪ್ರಯತ್ನಿಸಿ, ಕತ್ತು ನೋಯುತ್ತದೆ. ಮನುಷ್ಯನ ಬೆನ್ನುಹುರಿ ತಲೆಬುರುಡೆಯ ತಳದಿಂದ ಕೆಳಕ್ಕೆ ಇಳಿಯುತ್ತದೆ. ನಾಲ್ಕು ಕಾಲಿನ ಪ್ರಾಣಿಯಲ್ಲಿ ಅದು ಬುರುಡೆಯ ಹಿಂಬದಿಯಿಂದ ಹೊರಡುತ್ತದೆ. ಹಾಗಾಗಿ ಎರಡನ್ನೂ ಜೋಡಿಸುವಾಗ ಶಿಲ್ಪಿ ಕತ್ತನ್ನು ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲ್ಭಾಗವನ್ನು ಗೂನಿನಂತೆ ಉಬ್ಬಿಸುತ್ತಾನೆ. ನಮ್ಮ ಪಶ್ಚಿಮ ಘಟ್ಟದ ಕಾಟಿಯ ಬೆನ್ನ ಮೇಲೆ ಏರು ಇರುವುದನ್ನು ನೋಡಿರುತ್ತೀರಿ. ಅದು ಬರೀ ಕೊಬ್ಬಲ್ಲ, ಒಳಗೆ ಬೆನ್ನೆಲುಬಿನಿಂದ ಮೇಲೆದ್ದ ಉದ್ದನೆಯ ಮೂಳೆಗಳಿವೆ. ಭಾರದ ತಲೆಯನ್ನು ಎತ್ತಿ ಹಿಡಿಯುವ ಸ್ನಾಯುಗಳಿಗೆ ಅಲ್ಲೇ ಆಧಾರ. ಒಳ್ಳೆಯ ಶಿಲ್ಪಿ ಈ ಏರನ್ನು ಗೊಂಬೆಗೂ ಕೊಡುತ್ತಾನೆ. ನೋಡುವವರಿಗೆ ಕಾರಣ ಗೊತ್ತಿರುವುದಿಲ್ಲ, ಆದರೆ ಅದಿಲ್ಲದಿದ್ದರೆ ‘ಮುಖವಾಡ ಹಾಕಿದ ಮನುಷ್ಯ’ ಎಂದು ಕಣ್ಣು ತಟ್ಟನೆ ಹೇಳಿಬಿಡುತ್ತದೆ.

ಇದೇ ಸಮಸ್ಯೆಯನ್ನು ನಮ್ಮ ಶಿಲ್ಪಿಗಳು ಹೇಗೆಲ್ಲ ಬಿಡಿಸಿದ್ದಾರೆ ಎಂದು ನೋಡುವುದೂ ಸ್ವಾರಸ್ಯವೇ. ಮಹಿಷಾಸುರನಿಗಿಂತ ಪ್ರಸಿದ್ಧ ಕೋಣ-ಯೋಧ ಇನ್ನೊಬ್ಬನಿಲ್ಲ. ಐಹೊಳೆಯ ದುರ್ಗ ದೇವಾಲಯದ ಚಾಲುಕ್ಯ ಶಿಲ್ಪದಲ್ಲಿ ಅವನು ಪೂರ್ತಿ ಕೋಣವೇ. ಮಹಾಬಲಿಪುರದ ಗುಹೆಯ ಪಲ್ಲವ ಶಿಲ್ಪದಲ್ಲಿ ಕೋಣನ ತಲೆ, ಮನುಷ್ಯನ ಮೈ, ಕೈಯಲ್ಲಿ ಗದೆ. ಮೈಸೂರಿನ ಚಾಮುಂಡಿ ಬೆಟ್ಟದ ಮೇಲೆ ನಾವೆಲ್ಲ ಸೆಲ್ಫಿ ತೆಗೆಸಿಕೊಳ್ಳುವ ಮೂರ್ತಿಯಲ್ಲಿ ಪೂರ್ತಿ ಮನುಷ್ಯ, ಹುರಿಮೀಸೆ ಬೇರೆ. ಮಹಾಬಲಿಪುರದವನನ್ನು ಮುಂದಿನ ಸಲ ಹೋದಾಗ ಸ್ವಲ್ಪ ಹೊತ್ತು ನಿಂತು ನೋಡಿ. ಅಲ್ಲಿನ ಜೋಡಣೆ ಇಂದಿನ ಯಾವ ಗೊಂಬೆ ಕಂಪನಿಗೂ ಪಾಠ ಹೇಳುವಂತಿದೆ ಎಂಬುದು ನಮ್ಮ ಅಭಿಪ್ರಾಯ.

ಹಲ್ಲು, ಕಣ್ಣು ಮತ್ತು ಒಂದು ಸುಳ್ಳು

ಕೋಪಗೊಂಡ ಕೋಣ ಬಾಯಿ ತೆರೆದು ಕೋರೆಹಲ್ಲು ತೋರಿಸುವ ಗೊಂಬೆಗಳು, ಚಿತ್ರಗಳು ಬೇಕಾದಷ್ಟಿವೆ. ಹಸು, ಎಮ್ಮೆ ಸಾಕಿದವರಿಗೆ ನಗು ಬರುತ್ತದೆ. ಅವುಗಳಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಗಟ್ಟಿಯಾದ ಒಸಡಷ್ಟೇ. ಕೆಳಗಿನ ಹಲ್ಲು ಮತ್ತು ಆ ಒಸಡಿನ ನಡುವೆ ಹುಲ್ಲನ್ನು ಸಿಕ್ಕಿಸಿ ಕೀಳುತ್ತವೆ. ಕೊಟ್ಟಿಗೆಯಲ್ಲಿ ಬೆಳೆದ ಮಗುವನ್ನು ಕೋರೆಹಲ್ಲಿನ ಕೋಣ ತೋರಿಸಿ ಹೆದರಿಸಲಾಗದು.

ಕಣ್ಣಿನದು ಇನ್ನೂ ಸೂಕ್ಷ್ಮ. ಬೇಟೆಯಾಡುವ ಹುಲಿ, ಸಿಂಹಗಳ ಕಣ್ಣು ಮುಖದ ಮುಂದಿವೆ. ಎರಡೂ ಒಂದೇ ಗುರಿಯ ಮೇಲೆ ನೆಟ್ಟು ದೂರವನ್ನು ಅಳೆಯುತ್ತವೆ. ಬೇಟೆಯಾಗುವ ಜಿಂಕೆ, ಎಮ್ಮೆಗಳ ಕಣ್ಣು ಪಕ್ಕದಲ್ಲಿವೆ. ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂದು ನೋಡಿಕೊಳ್ಳಲು. ಕಣ್ಣನ್ನು ಪಕ್ಕದಲ್ಲೇ ಬಿಟ್ಟರೆ ಯೋಧ ಮೇಯಲು ನಿಂತಂತೆ ಕಾಣುತ್ತಾನೆ. ಪೂರ್ತಿ ಮುಂದಕ್ಕೆ ತಂದರೆ ಕೋಣತನವೇ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂತೆ ಶಿಲ್ಪಿಗಳು ಕಣ್ಣನ್ನು ಒಂದಿಷ್ಟು ಮುಂದೆ ತಂದು, ಹುಬ್ಬಿನ ಮೂಳೆಯನ್ನು ಉಬ್ಬಿಸಿ ನೆರಳು ಬೀಳಿಸುತ್ತಾರೆ. ಫಾರ್ವರ್ಡ್ ಫೋಟೋಗಳಲ್ಲಿ ‘ಕಣ್ಣು ನೋಡಿ, ಮನುಷ್ಯನದೇ’ ಎಂದು ಬರೆದಿರುತ್ತಾರಲ್ಲ, ಅದು ನಿಜವೇ. ಮನುಷ್ಯನೊಬ್ಬ ನೋಡುವವರ ಮನಸ್ಸು ತಿಳಿದು ಇಟ್ಟ ಕಣ್ಣದು.

ಕೈಗೆ ಗೊರಸು ಕೊಟ್ಟರೆ ಕತ್ತಿ ಹಿಡಿಯುವುದು ಹೇಗೆ? ಅಲ್ಲಿ ಜೀವಶಾಸ್ತ್ರವನ್ನು ಪಕ್ಕಕ್ಕಿಟ್ಟು ಮನುಷ್ಯನ ಕೈಯನ್ನೇ ಕೊಡುತ್ತಾರೆ. ಬೆರಳು ದಪ್ಪ ಮಾಡಿ, ಕೆಲವೊಮ್ಮೆ ಸಂಖ್ಯೆ ಕಡಿಮೆ ಮಾಡುತ್ತಾರೆ. ರೆಕ್ಕೆಯ ವಿಷಯವೂ ಹಾಗೇ. ಹಕ್ಕಿಯ ರೆಕ್ಕೆ ಎಂದರೆ ಅದರ ಮುಂಗೈಯೇ. ಬೆನ್ನೆಲುಬಿರುವ ಯಾವ ಪ್ರಾಣಿಗೂ ನಾಲ್ಕಕ್ಕಿಂತ ಹೆಚ್ಚು ಕೈಕಾಲುಗಳಿಲ್ಲ. ಎರಡು ಕೈ, ಎರಡು ಕಾಲು, ಮೇಲೆ ಎರಡು ರೆಕ್ಕೆ ಇರುವ ‘ನಿಜವಾದ ಜೀವಿ’ಯ ಫೋಟೋ ಬಂದರೆ ಮುಂದೆ ಯೋಚಿಸುವುದೇ ಬೇಡ.

ಹಿಂದಕ್ಕೆ ಬಾಗಿದ ಮಂಡಿ ಮಂಡಿಯೇ ಅಲ್ಲ

ಇಂಥ ಗೊಂಬೆಗಳಲ್ಲಿ ನಮಗೆ ತುಂಬಾ ಇಷ್ಟವಾದ ಭಾಗ ಕಾಲು. ನಾಯಿ, ಕುದುರೆ, ಎಮ್ಮೆಗಳ ಹಿಂಗಾಲಿನ ಮಂಡಿ ಹಿಂದಕ್ಕೆ ಬಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ಮಂಡಿ ಅಲ್ಲ, ಹಿಮ್ಮಡಿ! ನೀವು ತುದಿಗಾಲಲ್ಲಿ ನಿಂತು, ಮಂಡಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಕನ್ನಡಿಯಲ್ಲಿ ಪಕ್ಕದಿಂದ ನೋಡಿಕೊಳ್ಳಿ. ನೆಲದಿಂದ ಮೇಲೆದ್ದ ನಿಮ್ಮ ಹಿಮ್ಮಡಿ ಇದೆಯಲ್ಲ, ನಾಯಿಯ ‘ಹಿಂದುಮುಂದಾದ ಮಂಡಿ’ ಅದೇ. ನಾಯಿಯ ನಿಜವಾದ ಮಂಡಿ ಮೇಲೆ, ಹೊಟ್ಟೆಯ ಬಳಿ, ನಮ್ಮಂತೆಯೇ ಮುಂದಕ್ಕೆ ಬಾಗುತ್ತದೆ. ನಾಯಿ, ಬೆಕ್ಕುಗಳು ಬೆರಳ ಮೇಲೆ ನಡೆಯುತ್ತವೆ. ಎಮ್ಮೆ ಎರಡು ಬೆರಳುಗಳ ಉಗುರಿನ ಮೇಲೆ, ಕುದುರೆ ಒಂದೇ ಬೆರಳಿನ ಉಗುರಿನ ಮೇಲೆ. ಗೊರಸು ಎಂದರೆ ಆ ಉಗುರೇ. ಕರಡಿಯೊಂದು ನಮ್ಮ ಹಾಗೆ ಹಿಂಗಾಲಿನ ಪಾದ ಪೂರ್ತಿ ಊರಿ ನಡೆಯುತ್ತದೆ. ಅದಕ್ಕೇ ಕರಡಿ-ಯೋಧನ ಗೊಂಬೆ ಮಾಡುವುದು ಸುಲಭ.

ಕೋಣ-ಯೋಧನಿಗೆ ಗೊರಸಿನ ಕಾಲು ಕೊಟ್ಟರೆ ಅವನು ನಿಲ್ಲುವುದು ನಾಣ್ಯದಷ್ಟು ಜಾಗದ ಮೇಲೆ. ಮೇಲೆ ದೊಡ್ಡ ತಲೆ, ಅದಕ್ಕೆ ಅಗಲದ ಕೊಂಬು, ಕೈಯಲ್ಲಿ ಕೊಡಲಿ. ಮೇಜು ಅಲುಗಿದರೆ ಮುಖ ಅಡಿಯಾಗಿ ಬೀಳುತ್ತಾನೆ. ತಯಾರಕರು ತಲೆಯನ್ನು ಟೊಳ್ಳು ಮಾಡುತ್ತಾರೆ, ಗೊರಸನ್ನು ಬೇಕಾದ್ದಕ್ಕಿಂತ ಅಗಲಿಸುತ್ತಾರೆ, ಬಾಲವನ್ನು ನೆಲಕ್ಕೆ ತಾಗಿಸಿ ಮೂರನೇ ಕಾಲಾಗಿ ಬಳಸುತ್ತಾರೆ. ಅದೂ ಸಾಲದಿದ್ದರೆ ಪಾದದ ಕೆಳಗೆ ತೂತು ಕೊರೆದು ಸ್ಟ್ಯಾಂಡಿನ ಮೊಳೆಗೆ ಸಿಕ್ಕಿಸುತ್ತಾರೆ.

ಇದೇ ಗೊಂಬೆಯನ್ನು ಆರಡಿಯ ಜೀವಿಯಾಗಿ ಕಲ್ಪಿಸಿಕೊಂಡರೆ? 15 ಸೆಂಟಿಮೀಟರನ್ನು 12 ಪಟ್ಟು ಹಿಗ್ಗಿಸಬೇಕು. ಆಗ ತೂಕ 12 ಗುಣಿಸು 12 ಗುಣಿಸು 12, ಅಂದರೆ 1,728 ಪಟ್ಟು ಆಗುತ್ತದೆ. ಅದನ್ನು ಹೊರುವ ಕಾಲಿನ ಅಡ್ಡಸೀಳಿನ ಗಾತ್ರ ಹೆಚ್ಚುವುದು 144 ಪಟ್ಟು ಮಾತ್ರ. ಗೊಂಬೆಗೆ ಸಾಕಾದ ಸಪೂರ ಕಾಲು ದೊಡ್ಡ ಜೀವಿಗೆ ಸಾಲದು. ಆನೆಯ ಕಾಲು ಕಂಬದಂತಿರುವುದು, ಇರುವೆಯ ಕಾಲು ಎಳೆಯಂತಿರುವುದು ಈ ಲೆಕ್ಕದಿಂದಲೇ.

ಇಡ್ಲಿ ತಟ್ಟೆಯ ನಿಯಮ

ಜೇಡಿಮಣ್ಣಿನಲ್ಲೋ ಕಂಪ್ಯೂಟರಿನಲ್ಲೋ ಶಿಲ್ಪ ಮುಗಿಯಿತು, ತ್ರೀಡಿ ಪ್ರಿಂಟರಿನಲ್ಲಿ ಮಾದರಿ ಬಂತು ಎನ್ನೋಣ. ಈಗ ಉಕ್ಕಿನ ಅಚ್ಚು ಮಾಡಬೇಕು. ಕಾದು ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ಅದರೊಳಗೆ ತುಂಬಿ, ಆರಿಸಿ, ಅಚ್ಚನ್ನು ಎರಡು ಹೋಳಾಗಿ ತೆರೆದು ತುಂಡನ್ನು ಹೊರತೆಗೆಯುತ್ತಾರೆ.

ಇಡ್ಲಿ ತಟ್ಟೆಯ ಕುಳಿ ಬಾಯಲ್ಲಿ ಅಗಲ, ತಳದಲ್ಲಿ ಕಿರಿದು. ಹಾಗಾಗಿ ಇಡ್ಲಿ ಸಲೀಸಾಗಿ ಮೇಲೇಳುತ್ತದೆ. ಬಾಯಿ ಕಿರಿದಾಗಿ ಹೊಟ್ಟೆ ದೊಡ್ಡದಾಗಿದ್ದರೆ ಇಡ್ಲಿ ಮುರಿಯದೆ ಬರುತ್ತಿರಲಿಲ್ಲ. ಗೊಂಬೆಯ ಅಚ್ಚಿಗೂ ಇದೇ ನಿಯಮ. ಸುರುಳಿ ಸುತ್ತಿದ ಕೊಂಬು, ಮೈಯಿಂದ ಎದ್ದ ಭುಜಕವಚ, ಬಾಯೊಳಗಿನ ನಾಲಿಗೆ ಎಲ್ಲ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಅವನ್ನು ಬೇರೆ ತುಂಡಾಗಿ ಎರಕ ಹೊಯ್ದು ಆಮೇಲೆ ಕೂರಿಸುತ್ತಾರೆ. ಯೋಧರಿಗೆಲ್ಲ ಸೊಂಟಪಟ್ಟಿ, ತೋಳುಪಟ್ಟಿ, ಕೊರಳಪಟ್ಟಿ ಯಾಕೆ ಇರುತ್ತವೆ ಗೊತ್ತೇ? ಅಂದಕ್ಕಷ್ಟೇ ಅಲ್ಲ, ಜೋಡಣೆಯ ಸಂದು ಮುಚ್ಚಲು ಸಹ. ಕೋಣನ ತಲೆ ಮುಗಿದು ಮನುಷ್ಯನ ಮೈ ಶುರುವಾಗುವ ಜಾಗದಲ್ಲಿ ದಪ್ಪ ಜೂಲು ಇರುವುದೂ ಅದೇ ಕಾರಣಕ್ಕೆ.

ಗಟ್ಟಿ ಇರಬೇಕಾದ ಮೈ, ಕಾಲು, ಕೀಲುಗಳಿಗೆ ಎಬಿಎಸ್‌ನಂಥ ಗಡಸು ಪ್ಲಾಸ್ಟಿಕ್. ಬಾಗಬೇಕಾದ ಕೊಂಬಿನ ತುದಿ, ಜೂಲು, ಬಾಲ, ಕತ್ತಿಗಳಿಗೆ ಮೆತ್ತನೆ ಪಿವಿಸಿ. ಆಮೇಲೆ ಬಣ್ಣ. ಮೊದಲು ತೆಳುವಾದ ಗಾಢ ಬಣ್ಣ ಹಚ್ಚಿ ಒರೆಸಿದರೆ ಅದು ಸುಕ್ಕುಗಳಲ್ಲಿ ಮಾತ್ರ ಉಳಿಯುತ್ತದೆ. ಮೇಲೆ ಒಣಗಿದ ಬ್ರಶ್‌ನಲ್ಲಿ ತಿಳಿಬಣ್ಣ ಸವರಿದರೆ ಕೂದಲ ತುದಿಗಳು ಬೆಳಗುತ್ತವೆ. ಕಣ್ಣಿಗೊಂದು ಹನಿ ಮಿರುಗುವ ವಾರ್ನಿಶ್. ಅಷ್ಟಕ್ಕೇ ಗೊಂಬೆ ಉಸಿರಾಡುವಂತೆ ಕಾಣತೊಡಗುತ್ತದೆ.

ಉಕ್ಕಿನ ಅಚ್ಚು ದುಬಾರಿ. ಅದಕ್ಕಾಗಿ ಕಂಪನಿಗಳು ಒಂದೇ ಅಚ್ಚನ್ನು ಹಿಂಡಿ ಹಿಪ್ಪೆ ಮಾಡುತ್ತವೆ. 1982ರಲ್ಲಿ ಮ್ಯಾಟೆಲ್ ತಂದ ‘ಹೀ-ಮ್ಯಾನ್’ ಸರಣಿ ನೆನಪಿದೆಯೇ? ಅದರಲ್ಲಿ ‘ಬೀಸ್ಟ್ ಮ್ಯಾನ್’ ಎಂಬ ಮೃಗಮಾನವ, ‘ಸ್ಟ್ರಾಟೋಸ್’ ಎಂಬ ಹಾರುವ ಯೋಧ ಇಬ್ಬರಿಗೂ ಒಂದೇ ಕೂದಲ ಮೈ. 1985ರಲ್ಲಿ ಅದೇ ಬೀಸ್ಟ್ ಮ್ಯಾನ್‌ಗೆ ಹಸಿರು ನಾರು ಅಂಟಿಸಿ, ಪೈನ್ ಮರದ ವಾಸನೆ ಹಾಕಿ ‘ಮಾಸ್ ಮ್ಯಾನ್’ ಎಂದು ಮಾರಿದರು. ಹೀ-ಮ್ಯಾನ್ ಸವಾರಿ ಮಾಡುವ ಹಸಿರು ಹುಲಿಯ ಕಥೆ ಇನ್ನೂ ಚೆನ್ನ. ಅದು ಕಂಪನಿಯ ಹಳೆಯ ‘ಬಿಗ್ ಜಿಮ್’ ಎಂಬ ದೊಡ್ಡ ಗೊಂಬೆಗಳ ಸರಣಿಯಲ್ಲಿದ್ದ ಹುಲಿ. ಹೊಸ ಗೊಂಬೆಗಳ ಪಕ್ಕ ಇಟ್ಟರೆ ಹುಲಿ ಕುದುರೆಯಷ್ಟಿತ್ತು. ಹೊಸ ಅಚ್ಚಿಗೆ ದುಡ್ಡು ಸುರಿಯುವ ಬದಲು ಅದಕ್ಕೆ ಜೀನು ಕಟ್ಟಿ, ಹಸಿರು ಬಳಿದರು. ಒಂದು ಪೀಳಿಗೆಯ ಮಕ್ಕಳು ಮರೆಯದ ‘ಬ್ಯಾಟಲ್ ಕ್ಯಾಟ್’ ಹುಟ್ಟಿದ್ದು ಹೀಗೆ, ಉಳಿತಾಯದಿಂದ.

ಮನುಷ್ಯನೋ ಮೃಗವೋ? ಕೋರ್ಟಿನ ಉತ್ತರ

ಇಂಥ ಗೊಂಬೆ ಮನುಷ್ಯನೋ ಅಲ್ಲವೋ ಎಂಬ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. ಆಗಿನ ಸುಂಕದ ನಿಯಮದಂತೆ ಮನುಷ್ಯನ ರೂಪದ ‘ಗೊಂಬೆ’ಗೆ ಶೇ. 12 ಸುಂಕ, ಮನುಷ್ಯನಲ್ಲದ ‘ಆಟಿಕೆ’ಗೆ ಶೇ. 6.8. ಟಾಯ್ ಬಿಜ್ ಎಂಬ ಕಂಪನಿ ತನ್ನ ‘ಎಕ್ಸ್-ಮೆನ್’ ಗೊಂಬೆಗಳು ಮನುಷ್ಯರಲ್ಲ ಎಂದು ವಾದಿಸಿತು. ಉಗುರು, ಬಾಲ, ವಿಚಿತ್ರ ಶಕ್ತಿಗಳನ್ನೆಲ್ಲ ಪರಿಶೀಲಿಸಿದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದ ನ್ಯಾಯಾಧೀಶೆ ಜುಡಿತ್ ಬಾರ್ಜಿಲೇ 2003ರಲ್ಲಿ ಕಂಪನಿಯ ಪರ ತೀರ್ಪು ಕೊಟ್ಟರು. ಆ ಪಾತ್ರಗಳೂ ಮನುಷ್ಯರೇ ಎಂದು ದಶಕಗಳಿಂದ ಓದಿಕೊಂಡು ಬಂದಿದ್ದ ಅಭಿಮಾನಿಗಳಿಗೆ ಕೋಪ ಬಂತು. ಕಂಪನಿಗೆ ದುಡ್ಡು ಉಳಿಯಿತು.

ಹಾಗಾದರೆ ಫೋಟೋ ಯಾಕೆ ಅಷ್ಟು ನಿಜವೆನಿಸುತ್ತದೆ?

ಮೋಸ ಹೋದವರಲ್ಲಿ ನೀವೇ ಮೊದಲಿಗರಲ್ಲ. 1842ರಲ್ಲಿ ನ್ಯೂಯಾರ್ಕಿನಲ್ಲಿ ಪಿ.ಟಿ. ಬಾರ್ನಮ್ ಎಂಬಾತ ‘ಫೀಜಿ ಮತ್ಸ್ಯಕನ್ಯೆ’ ಎಂದು ಟಿಕೆಟ್ ಇಟ್ಟು ತೋರಿಸಿದ. ಮೇಲೆ ಕೋತಿ, ಕೆಳಗೆ ಮೀನು, ನಡುವೆ ಜೋಡಣೆ. ಜನ ಮುಗಿಬಿದ್ದರು. ಉಲ್ಟಾ ಆದದ್ದೂ ಇದೆ. ಬಾತುಕೋಳಿಯ ಕೊಕ್ಕು, ನೀರುನಾಯಿಯಂಥ ಮೈ ಇರುವ ಪ್ಲಾಟಿಪಸ್‌ನ ಒಣಗಿದ ಚರ್ಮ 18ನೇ ಶತಮಾನದ ಕೊನೆಗೆ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಬಂದಾಗ, 1799ರಲ್ಲಿ ಅದನ್ನು ವರ್ಣಿಸಿದ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞರಿಗೇ ಯಾರೋ ಕೊಕ್ಕನ್ನು ಅಂಟಿಸಿರಬೇಕೆಂಬ ಅನುಮಾನ ಕಾಡಿತ್ತು. ಅದು ನಿಜವಾದ ಪ್ರಾಣಿ. ಅಂದರೆ ‘ವಿಚಿತ್ರವಾಗಿದೆ’ ಎಂಬುದು ಸುಳ್ಳಿಗೆ ಸಾಕ್ಷಿಯಲ್ಲ, ‘ನಿಜದಂತಿದೆ’ ಎಂಬುದು ನಿಜಕ್ಕೂ ಸಾಕ್ಷಿಯಲ್ಲ.

ಈ ಕಾಲದ ಉದಾಹರಣೆ ಆಸ್ಟ್ರೇಲಿಯಾದ ಕಲಾವಿದೆ ಪೆಟ್ರೀಷಿಯಾ ಪಿಚಿನೀನಿ ಅವರದು. ಅವರು 2002ರಲ್ಲಿ ‘ದಿ ಯಂಗ್ ಫ್ಯಾಮಿಲಿ’ ಎಂಬ ಶಿಲ್ಪ ಮಾಡಿದರು. ಹಂದಿಯನ್ನೂ ಮನುಷ್ಯರನ್ನೂ ಹೋಲುವ ತಾಯಿಯೊಂದು ಮರಿಗಳಿಗೆ ಹಾಲೂಡಿಸುತ್ತಾ ಮಲಗಿದೆ. ಸಿಲಿಕೋನ್ ಚರ್ಮ, ಅದಕ್ಕೆ ನೆಟ್ಟ ಕೂದಲು. ಆ ಶಿಲ್ಪದ ಫೋಟೋ ಕಲಾಪ್ರದರ್ಶನದಿಂದ ತಪ್ಪಿಸಿಕೊಂಡು ಇಂಟರ್ನೆಟ್ಟಿಗೆ ಬಂದು, ಬೇರೆಬೇರೆ ಊರಿನ ಹೆಸರು ಹೊತ್ತು ‘ನಿಜವಾಗಿ ಹುಟ್ಟಿದ ಜೀವಿ’ಯಾಗಿ ಸುತ್ತಿತು. ತಂತ್ರಜ್ಞಾನ ಸೃಷ್ಟಿಸುವ ಜೀವಿಗಳ ಬಗ್ಗೆ ನಮಗಿರಬೇಕಾದ ಅಕ್ಕರೆ, ಹೊಣೆಗಾರಿಕೆ ಏನು ಎಂದು ಕೇಳುವ ಶಿಲ್ಪವದು. ಫಾರ್ವರ್ಡ್‌ನಲ್ಲಿ ಅದೊಂದು ಅಪಶಕುನವಾಯಿತು.

ಫೋಟೋ ಬಂದಾಗ ಸ್ವಲ್ಪ ದೊಡ್ಡದು ಮಾಡಿ ನೋಡಿ. ತೋಳಿನ ಪಕ್ಕ, ಕಾಲಿನ ಒಳಬದಿಯಲ್ಲಿ ಉದ್ದಕ್ಕೆ ಸಣ್ಣ ಏಣು ಕಂಡರೆ ಅದು ಅಚ್ಚಿನ ಎರಡು ಹೋಳು ಸೇರಿದ ಗೆರೆ. ಮೊಣಕೈ, ಮಂಡಿಯಲ್ಲಿ ಗುಂಡನೆಯ ಮೊಳೆತಲೆ ಕಂಡರೆ ಅದು ಕೀಲು. ಮುಖ ಸ್ಪಷ್ಟವಾಗಿದ್ದು ಅದರ ಹಿಂದಿನ ಕಿವಿ, ಭುಜಗಳೇ ಮಸುಕಾಗಿದ್ದರೆ ಬಹುಶಃ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆದ ಫೋಟೋ. ನಮಗೆ ಹೆಚ್ಚು ನೆರವಾಗುವ ಗುರುತು ನೀರು ಮತ್ತು ಬಟ್ಟೆ. ಗೊಂಬೆಯನ್ನು ಎಷ್ಟು ಬೇಕಾದರೂ ಸಣ್ಣದು ಮಾಡಬಹುದು, ನೀರಿನ ಹನಿಯನ್ನು ಮಾಡಲಾಗದು. ಮಳೆಯಲ್ಲಿ ನಿಂತ ‘ರಾಕ್ಷಸ’ನ ಹಣೆಯ ಮೇಲೆ ಕಣ್ಣಿನಷ್ಟು ದೊಡ್ಡ ಹನಿ ಇದ್ದರೆ, ಮೇಲಂಗಿಯ ನೂಲು ಹಗ್ಗದಷ್ಟು ದಪ್ಪ ಕಂಡರೆ, ಅವನ ಎತ್ತರ ಗೇಣುದ್ದವೇ. ಆಮೇಲೆ ಗೂಗಲ್ ಲೆನ್ಸ್‌ಗೆ ಹಾಕಿದರೆ ಅನೇಕ ಸಲ ಮಾಡಿದವರ ಅಂಗಡಿಯೇ ಸಿಗುತ್ತದೆ.

ಮಗುವಿಗೆ ಕೊಡಬಹುದೇ?

ಇದು ನಮಗೆ ನಿಜಕ್ಕೂ ಮುಖ್ಯವೆನಿಸುವ ಪ್ರಶ್ನೆ. ನಕಲಿ ಫೋಟೋದಿಂದ ಹೋಗುವುದು ಮರ್ಯಾದೆ, ಕಳಪೆ ಗೊಂಬೆಯಿಂದ ಹೋಗುವುದು ಜೀವ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮ್ಯಾಟೆಲ್‌ನ ಆಟಿಕೆ ಆಕಾಶನೌಕೆಯೊಂದರಿಂದ ಚಿಮ್ಮಿದ ಪುಟ್ಟ ಕ್ಷಿಪಣಿ ಗಂಟಲಿಗೆ ಸಿಕ್ಕಿ 4 ವರ್ಷದ ಬಾಲಕ ತೀರಿಕೊಂಡ. ಆ ಬಳಿಕ ಕೆನ್ನರ್ ಕಂಪನಿ ‘ಸ್ಟಾರ್ ವಾರ್ಸ್’ನ ಬೋಬಾ ಫೆಟ್ ಗೊಂಬೆಯಲ್ಲಿ ರಾಕೆಟ್ ಚಿಮ್ಮಿಸುವ ಯೋಜನೆಯನ್ನೇ ಕೈಬಿಟ್ಟಿತು.

3 ವರ್ಷದೊಳಗಿನ ಮಕ್ಕಳ ಆಟಿಕೆಗೆ ಒಂದು ಸರಳ ಪರೀಕ್ಷೆ ಇದೆ. 31.7 ಮಿಲಿಮೀಟರ್ ಅಗಲದ ಒಂದು ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಆ ವಯಸ್ಸಿನವರ ಆಟಿಕೆಯಲ್ಲಿ ಇರಬಾರದು. ನಮ್ಮ ಕೋಣ-ಯೋಧನ ಕತ್ತಿ, ಕಳಚುವ ಕೈ, ಬಿಡಿ ಕೊಂಬು ಎಲ್ಲವೂ ಆ ಕೊಳವೆಯೊಳಗೆ ಇಳಿದುಬಿಡಬಹುದು. ಪೆಟ್ಟಿಗೆಯ ಮೇಲೆ ‘3 ವರ್ಷ ಮೇಲ್ಪಟ್ಟವರಿಗೆ’ ಎಂದಿರುವುದು ಮಗುವಿನ ಜಾಣತನದ ಬಗ್ಗೆ ಅಲ್ಲ, ಗಂಟಲಿನ ಬಗ್ಗೆ.

ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಪಿವಿಸಿಯನ್ನು ಮೆತ್ತಗೆ ಮಾಡಲು ಬಳಸುವ ಥಾಲೇಟ್ ಎಂಬ ರಾಸಾಯನಿಕಗಳಿಗೂ ಆಟಿಕೆಯ ಮಾನದಂಡದಲ್ಲಿ ಮಿತಿಯಿದೆ. ಗುರುತಿಲ್ಲದ, ಮೂಗಿಗೆ ಹೊಡೆಯುವ ವಾಸನೆಯ, ಮುಟ್ಟಿದರೆ ಜಿಗುಟುವ ಗೊಂಬೆ ಎಷ್ಟೇ ಅಗ್ಗವಾದರೂ ಬೇಡ. ಮನೆಯಲ್ಲೇ ತ್ರೀಡಿ ಪ್ರಿಂಟರಿನಲ್ಲಿ ಗೊಂಬೆ ಮಾಡುವ ಕಾಲೇಜು ಹುಡುಗರಿಗೂ ಒಂದು ಮಾತು: ದ್ರವ ರೆಸಿನ್ ಪೂರ್ತಿ ಗಟ್ಟಿಯಾಗುವ ಮೊದಲು ಚರ್ಮಕ್ಕೆ ತಾಗಿದರೆ ಅಲರ್ಜಿಯಾಗುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಅದನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ತಮ್ಮ, ತಂಗಿಗೆ ಕೊಡಬೇಡಿ.

ಕಣ್ಣು ಮಿನುಗುವ ಗೊಂಬೆಯಾದರೆ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಒಳಗಿರುವ ಬಟನ್ ಸೆಲ್ಲನ್ನು ಮಗು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಟ್ಟ ಗಾಯವಾಗಬಹುದು. ಕೈ ಬದಲಿಸಲು ಆಯಸ್ಕಾಂತ ಇಟ್ಟ ಗೊಂಬೆಗಳೂ ಇವೆ. ಎರಡು ಆಯಸ್ಕಾಂತ ನುಂಗಿದರೆ ಕರುಳಿನ ಗೋಡೆಗಳನ್ನು ನಡುವೆ ಹಿಡಿದು ಅಂಟಿಕೊಂಡು ತೂತು ಮಾಡುತ್ತವೆ. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಿ ಕಾಯಬೇಡಿ. ಗೊಂಬೆಯನ್ನೋ ಅದರ ಪೆಟ್ಟಿಗೆಯನ್ನೋ ಜೊತೆಗೆ ತೆಗೆದುಕೊಂಡು, ಎಕ್ಸ್-ರೇ ಇರುವ ಆಸ್ಪತ್ರೆಗೆ ಆಗಲೇ ಹೊರಡಿ.